ಓದುಗರ ಪ್ರಶ್ನೆ, ನಮ್ಮ ಉತ್ತರ: ಭಾರ ಎತ್ತುವ ಯಂತ್ರಗಳ ಪ್ರಮಾಣಪತ್ರ ನವೀಕರಣ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಸೀತಾಂಗೋಳಿ, ಮಂಜೇಶ್ವರ ಕಡೆಯ ಸಣ್ಣ ಕಾರ್ಖಾನೆಗಳಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ಬಾಯ್ಲರು, ವಿದ್ಯುತ್ತು, ಪರವಾನಗಿ ಶುಲ್ಕ ಇವುಗಳ ವಿಚಾರವೇ ಹೆಚ್ಚು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರೇನು, ಚೈನ್ ಬ್ಲಾಕು (ಕೈಯಿಂದ ಚೈನು ಎಳೆದು ಭಾರ ಎತ್ತುವ ಸಾಧನ), ಸ್ಲಿಂಗು (ಭಾರಕ್ಕೆ ಸುತ್ತಿ ಕೊಕ್ಕೆಗೆ ಸಿಕ್ಕಿಸುವ ಹಗ್ಗ, ಚೈನು ಅಥವಾ ಪಟ್ಟಿ), ಸರಕು ಲಿಫ್ಟುಗಳ ಪ್ರಮಾಣಪತ್ರದ ಕುರಿತಾಗಿಯೇ ಇದ್ದುದರಿಂದ ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾರ್ಖಾನೆಗಳ ದುರಸ್ತಿ ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ ಈ ವಿಷಯ ನನಗೆ ಬರೀ ಕಾನೂನಿನ ವಿಷಯವಲ್ಲ. ಉತ್ತರಗಳು ಕೆಲವೆಡೆ ದೀರ್ಘವಾಗಿದ್ದರೆ ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ಅನಂತಪುರದ ಕೈಗಾರಿಕಾ ವಲಯದಲ್ಲಿ ನಮ್ಮದೊಂದು ಪ್ಲೈವುಡ್ ಘಟಕವಿದೆ. ದಿಮ್ಮಿ ಎತ್ತಲು 3 ಟನ್ನಿನ ವಿದ್ಯುತ್ ಹಾಯಿಸ್ಟ್, ಪ್ರೆಸ್ಸಿನ ಬಳಿ ಎರಡು ಚೈನ್ ಬ್ಲಾಕ್, ಮೇಲಿನ ಗೋದಾಮಿಗೆ ಸರಕು ಸಾಗಿಸಲು ಒಂದು ಲಿಫ್ಟ್ ಇವೆ. ಎಲ್ಲದಕ್ಕೂ ಒಂದೇ ದಿನ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆದಿದ್ದೆವು. ಈಗ ಲಿಫ್ಟಿನ ಅವಧಿ ಮುಗಿದಿದೆ, ಉಳಿದವುಗಳಿಗೆ ಇನ್ನೂ ಆರು ತಿಂಗಳಿದೆ ಎಂದು ಇನ್‌ಸ್ಪೆಕ್ಟರರು ಹೇಳಿದರು. ಇದು ಹೇಗೆ? ಮಂಗಳೂರಿನಲ್ಲಿ ಪರಿಚಯದ ಪರೀಕ್ಷಕರಿದ್ದಾರೆ, ಅವರಿಂದಲೇ ನವೀಕರಣ ಮಾಡಿಸಬಹುದೇ?
— ಘಟಕದ ವ್ಯವಸ್ಥಾಪಕರು, ಅನಂತಪುರ

ಉತ್ತರ: ಇನ್‌ಸ್ಪೆಕ್ಟರರು ಹೇಳಿದ್ದು ಸರಿಯಾಗಿಯೇ ಇದೆ. ನಮ್ಮ ದೇಶದಲ್ಲಿ ಇಷ್ಟು ಕಾಲ ಈ ವಿಷಯವನ್ನು ಆಳಿದ್ದು 1948ರ ಕಾರ್ಖಾನೆಗಳ ಕಾಯ್ದೆ (ಈಗ ಬಂದಿರುವ ಹೊಸ ಸಂಹಿತೆಯ ವಿಚಾರ ಕೊನೆಯ ಪ್ರಶ್ನೆಯಲ್ಲಿದೆ). ಅದರ 28ನೆಯ ಕಲಮು ಹಾಯಿಸ್ಟ್ ಮತ್ತು ಲಿಫ್ಟುಗಳದ್ದು, 29ನೆಯ ಕಲಮು ಇತರ ಎತ್ತುವ ಯಂತ್ರಗಳು, ಚೈನು, ಹಗ್ಗ ಮತ್ತು ಎತ್ತುವ ಸಲಕರಣೆಗಳದ್ದು. ಮೊದಲನೆಯ ಗುಂಪನ್ನು ಅರ್ಹ ವ್ಯಕ್ತಿಯೊಬ್ಬರು ಆರು ತಿಂಗಳಿಗೊಮ್ಮೆಯಾದರೂ ಸಮಗ್ರವಾಗಿ ಪರೀಕ್ಷಿಸಬೇಕು, ಎರಡನೆಯ ಗುಂಪನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕು. ಗೊಂದಲ ಹುಟ್ಟುವುದು ಹೆಸರಿನಿಂದ. ನೀವು ವಿದ್ಯುತ್ ಹಾಯಿಸ್ಟ್ ಎಂದು ಕರೆಯುವ ಯಂತ್ರವು ಕಾನೂನಿನ ಕಣ್ಣಿಗೆ ಹಾಯಿಸ್ಟ್ ಅಲ್ಲ. ವೇದಿಕೆಯೋ ಪಂಜರವೋ ಇದ್ದು, ಅದು ಗೈಡುಗಳ ನಡುವೆಯೇ ಮೇಲೆ ಕೆಳಗೆ ಚಲಿಸುವಂತಿದ್ದರೆ ಮಾತ್ರ ಅದನ್ನು ಹಾಯಿಸ್ಟ್ ಅಥವಾ ಲಿಫ್ಟ್ ಎಂದು ಪರಿಗಣಿಸಬೇಕೆಂದು 28ನೆಯ ಕಲಮೇ ಹೇಳುತ್ತದೆ. ತೊಲೆಯ ಮೇಲೆ ಓಡಾಡುತ್ತ ಕೊಕ್ಕೆಯಿಂದ ದಿಮ್ಮಿ ಎತ್ತುವ ನಿಮ್ಮ ಯಂತ್ರವು ಹಾಗಾಗಿ 29ನೆಯ ಕಲಮಿನ ಎತ್ತುವ ಯಂತ್ರ, ಅದಕ್ಕೆ ಒಂದು ವರ್ಷ. ಗೋದಾಮಿನ ಲಿಫ್ಟಿಗೆ ಅರ್ಧ ವರ್ಷ. ಒಂದೇ ದಿನ ಪರೀಕ್ಷೆ ನಡೆದಿದ್ದರೂ ಮುಂದಿನ ದಿನಾಂಕಗಳು ಬೇರೆ ಬೇರೆಯಾಗುತ್ತವೆ.

ನೀವು ಪತ್ರದಲ್ಲಿ ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಹಾಯಿಸ್ಟಿಗೂ ಚೈನ್ ಬ್ಲಾಕಿಗೂ ಪತ್ರವಿದೆ ಎಂದಿರಿ, ಆದರೆ ದಿಮ್ಮಿಗೆ ಸುತ್ತುವ ಸ್ಲಿಂಗುಗಳು, ಶ್ಯಾಕಲುಗಳು (ಪಿನ್ನು ಹಾಕಿ ಮುಚ್ಚುವ ಯು ಆಕಾರದ ಕೊಂಡಿಗಳು), ಬಿಡಿ ಕೊಕ್ಕೆಗಳು? ಇವೆಲ್ಲ ಕಾನೂನಿನ ಪ್ರಕಾರ ಎತ್ತುವ ಸಲಕರಣೆಗಳೇ, ಒಂದೊಂದಕ್ಕೂ ಗುರುತಿನ ಸಂಖ್ಯೆ ಇರಬೇಕು, ಸುರಕ್ಷಿತ ಭಾರ ಎಷ್ಟೆಂದು ಗೊತ್ತಿರಬೇಕು, ರಿಜಿಸ್ಟರಿನಲ್ಲಿ ದಾಖಲಾಗಿರಬೇಕು. ನಾನು ನೋಡಿದ ಬಹುಪಾಲು ಘಟಕಗಳಲ್ಲಿ ಯಂತ್ರಕ್ಕೆ ಪತ್ರವಿರುತ್ತದೆ, ಮೂಲೆಯ ಮೊಳೆಗೆ ತೂಗುಹಾಕಿದ ಸ್ಲಿಂಗಿಗೆ ಇರುವುದಿಲ್ಲ. ಭಾರವನ್ನು ಹಿಡಿದುಕೊಂಡಿರುವುದು ಮಾತ್ರ ಆ ಸ್ಲಿಂಗೇ.

ಮಂಗಳೂರಿನ ಪರೀಕ್ಷಕರ ವಿಚಾರಕ್ಕೆ ಬರೋಣ. ಅನಂತಪುರದಿಂದ ಮಂಗಳೂರು ಹತ್ತಿರ, ಭಾಷೆಯೂ ನಮ್ಮದೇ. ನಿಮ್ಮ ಮನಸ್ಸು ಆ ಕಡೆಗೆ ಹೋಗುವುದು ಸಹಜ. ಆದರೆ ಕಾಯ್ದೆಯ ವ್ಯಾಖ್ಯೆಯಂತೆ ಅರ್ಹ ವ್ಯಕ್ತಿ ಎಂದರೆ ಮುಖ್ಯ ಇನ್‌ಸ್ಪೆಕ್ಟರರಿಂದ ಆ ನಿರ್ದಿಷ್ಟ ಪರೀಕ್ಷೆಗಾಗಿ ಮಾನ್ಯತೆ ಪಡೆದ ವ್ಯಕ್ತಿ ಅಥವಾ ಸಂಸ್ಥೆ. ಕೇರಳದಲ್ಲಿ ಆ ಮಾನ್ಯತೆ ಕೊಡುವುದು ತಿರುವನಂತಪುರದಲ್ಲಿ ಕೇಂದ್ರ ಕಚೇರಿಯಿರುವ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ. ಕರ್ನಾಟಕದಲ್ಲಿ ಕೊಡುವುದು ಅಲ್ಲಿನ ಇಲಾಖೆ. ರಾಜ್ಯದ ಗಡಿಯಾದ ತಲಪಾಡಿಯ ಆಚೆ ಎಷ್ಟೇ ಹೆಸರುವಾಸಿಯಾದ ಪರೀಕ್ಷಕರಾಗಿದ್ದರೂ ಕೇರಳದ ಮಾನ್ಯತೆ ಅವರಲ್ಲಿಲ್ಲದಿದ್ದರೆ ಅವರ ಸಹಿ ಅನಂತಪುರದ ಯಂತ್ರಕ್ಕೆ ಸಲ್ಲುವುದಿಲ್ಲ. ಎರಡೂ ರಾಜ್ಯಗಳ ಮಾನ್ಯತೆ ಇರುವವರೂ ಇರಬಹುದಾದ್ದರಿಂದ ಮೊದಲು ಅವರ ಮಾನ್ಯತಾ ಪತ್ರವನ್ನೇ ಕೇಳಿ ನೋಡಿ. ಅದರಲ್ಲಿ ಮೂರು ಸಂಗತಿಗಳನ್ನು ಗಮನಿಸಿ: ಕೊಟ್ಟ ರಾಜ್ಯ ಯಾವುದು, ಯಾವ ಕಲಮಿನ ಪರೀಕ್ಷೆಗೆ ಕೊಟ್ಟಿದ್ದಾರೆ, ಅವಧಿ ಎಂದಿನವರೆಗೆ. ಒತ್ತಡ ಪಾತ್ರೆಗಳ ಪರೀಕ್ಷೆಗೆ ಮಾನ್ಯತೆ ಪಡೆದವರು ಅದೇ ಬಲದಿಂದ ಕ್ರೇನಿಗೆ ಸಹಿ ಹಾಕುವಂತಿಲ್ಲ.

ಸರಕು ಲಿಫ್ಟಿನ ಬಗ್ಗೆ ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಜನರನ್ನು ಸಾಗಿಸುವ ಲಿಫ್ಟಿನ ಪಂಜರವು ಹಗ್ಗದಿಂದ ತೂಗುತ್ತಿದ್ದರೆ ಕನಿಷ್ಠ ಎರಡು ಹಗ್ಗಗಳು ಬೇರೆ ಬೇರೆಯಾಗಿ ಜೋಡಿಸಲ್ಪಟ್ಟಿರಬೇಕು, ಪ್ರತಿಯೊಂದೂ ಪೂರ್ಣ ಭಾರವನ್ನು ತಾನೊಂದೇ ಹೊರುವಷ್ಟು ಗಟ್ಟಿಯಾಗಿರಬೇಕು, ಹಗ್ಗ ತುಂಡಾದರೂ ಪಂಜರವನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಇರಬೇಕು ಎಂದು ಅದೇ 28ನೆಯ ಕಲಮು ವಿಧಿಸುತ್ತದೆ. ಸರಕಿಗಾಗಿ ಮಾತ್ರ ಕಟ್ಟಿದ ಲಿಫ್ಟಿನಲ್ಲಿ ಇವೆಲ್ಲ ಇರಲೇಬೇಕೆಂದಿಲ್ಲ. ಆದ್ದರಿಂದ ಸರಕಿನ ಜತೆಗೆ ಒಬ್ಬ ಹುಡುಗನನ್ನು ಹತ್ತಿಸಿ ಕಳುಹಿಸುವ ರೂಢಿ ನಿಮ್ಮಲ್ಲಿದ್ದರೆ ಇಂದೇ ನಿಲ್ಲಿಸಿ. ಆ ಲಿಫ್ಟಿಗೆ ಪ್ರಮಾಣಪತ್ರ ಸಿಕ್ಕಿರುವುದು ಸರಕಿಗಾಗಿಯೇ ಹೊರತು ಮನುಷ್ಯರಿಗಾಗಿ ಅಲ್ಲ.

ಪ್ರಶ್ನೆ: ನಮ್ಮ ಶೆಡ್ಡಿನಲ್ಲಿ 5 ಟನ್ನಿನ ಓವರ್‌ಹೆಡ್ ಕ್ರೇನಿದೆ. ಏಜೆಂಟರೊಬ್ಬರು ಕ್ರೇನಿನ ನಾಲ್ಕು ಫೋಟೋ ಮತ್ತು ಹಳೆಯ ಪತ್ರದ ಪ್ರತಿ ಕಳುಹಿಸಿದರೆ ಎರಡು ದಿನದಲ್ಲಿ ನವೀಕರಿಸಿದ ಪ್ರಮಾಣಪತ್ರ ತರಿಸಿಕೊಡುತ್ತೇನೆ, ಕೆಲಸ ನಿಲ್ಲಿಸಬೇಕಾಗಿಲ್ಲ ಎನ್ನುತ್ತಾರೆ. ಕ್ರೇನು ಚೆನ್ನಾಗಿಯೇ ನಡೆಯುತ್ತಿದೆ. ಇದರಲ್ಲಿ ತಪ್ಪೇನಾದರೂ ಇದೆಯೇ? ಇಲ್ಲವಾದರೆ ನಿಜವಾದ ಪರೀಕ್ಷೆಗೆ ನಾವು ಏನೇನು ಸಿದ್ಧಮಾಡಿಕೊಳ್ಳಬೇಕು?
— ಘಟಕದ ಮಾಲೀಕರು, ಸೀತಾಂಗೋಳಿ

ಉತ್ತರ: ತಪ್ಪಿದೆ, ಮತ್ತು ಅದು ಸಣ್ಣ ತಪ್ಪಲ್ಲ. ನವೀಕರಣ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತಿದೆ ಎಂದು ನನಗೆ ಅನ್ನಿಸುತ್ತದೆ. ವಾಹನದ ವಿಮೆಯಂತೆ ಹಣ ಕಟ್ಟಿ ದಿನಾಂಕ ಮುಂದೂಡಿಸಿಕೊಳ್ಳುವ ಕಾಗದ ಇದಲ್ಲ. ಕಾನೂನು ಕೇಳುತ್ತಿರುವುದು ಹೊಸದೊಂದು ಪರೀಕ್ಷೆಯನ್ನು. ಕಾಗದ ಆ ಪರೀಕ್ಷೆಯ ವರದಿ ಮಾತ್ರ. ಸಮಗ್ರ ಪರೀಕ್ಷೆ ಎಂದರೇನು ಎಂಬುದನ್ನೂ 29ನೆಯ ಕಲಮು ವಿವರಿಸಿದೆ: ಕಣ್ಣಿನಿಂದ ಪರಿಶೀಲಿಸುವುದು, ಅಗತ್ಯವಿದ್ದರೆ ಭಾಗಗಳನ್ನು ಬಿಚ್ಚಿಯೂ ನೋಡುವುದು, ಸಂದರ್ಭ ಅನುಮತಿಸುವಷ್ಟು ಎಚ್ಚರದಿಂದ ನೋಡಿ ಆ ಭಾಗಗಳು ಸುರಕ್ಷಿತವೇ ಎಂಬ ಬಗ್ಗೆ ನಂಬಲರ್ಹ ತೀರ್ಮಾನಕ್ಕೆ ಬರುವುದು. ನಾಲ್ಕು ಫೋಟೋಗಳಿಂದ ಬ್ರೇಕಿನ ಲೈನರ್ ಎಷ್ಟು ಸವೆದಿದೆ ಎಂದು ಯಾರಿಗೂ ಹೇಳಲು ಸಾಧ್ಯವಿಲ್ಲ.

ನಾನೇ ಕಂಡ ಒಂದು ಘಟನೆಯನ್ನು ಹೇಳಬೇಕು. ಅನೇಕ ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಒಂದು ಕಾರ್ಖಾನೆಯಲ್ಲಿ ಇಂಥದೇ ಕ್ರೇನೊಂದಿತ್ತು. ಕಚೇರಿಯ ಗೋಡೆಯಲ್ಲಿ ಪ್ರಮಾಣಪತ್ರ ತೂಗುತ್ತಿತ್ತು, ಎಲ್ಲ ಅಂಶಗಳ ಎದುರಿಗೂ ತೃಪ್ತಿಕರ ಎಂದು ಬರೆದಿತ್ತು. ಆದರೆ ಆ ಶೆಡ್ಡಿನಲ್ಲಿ ಗ್ಯಾಂಟ್ರಿಗೆ (ಕ್ರೇನು ಓಡುವ ಎತ್ತರದ ಹಳಿಗೆ) ಹತ್ತುವ ಏಣಿಯೇ ಇರಲಿಲ್ಲ. ಅಂದರೆ ಪರೀಕ್ಷಕರು ಮೇಲೆ ಹತ್ತಿಯೇ ಇರಲಿಲ್ಲ. ಆ ಪತ್ರ ತಲುಪಿದೆಯೆಂದು ಸಹಿ ಹಾಕಿ ಪಡೆದವನು ನಾನೇ, ಆಗ ನನಗೆ ಅದು ಹೊಳೆಯಲಿಲ್ಲ. ಕೊಕ್ಕೆ ತೀರ ಮೇಲೆ ಹೋದಾಗ ಮೋಟಾರನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ ಕೆಟ್ಟಿದ್ದರಿಂದ ಯಾರೋ ಅದರ ಎರಡು ತುದಿಗಳನ್ನು ತಂತಿಯಿಂದ ಸೇರಿಸಿ ಕೆಲಸ ಸಾಗಿಸಿದ್ದರು. ಒಂದು ದಿನ ಬೆಳಗ್ಗೆ ಖಾಲಿ ಕೊಕ್ಕೆಯನ್ನು ಮೇಲಕ್ಕೆ ಒಯ್ಯುತ್ತಿದ್ದ ಆಪರೇಟರನ ಗಮನ ಅರೆಕ್ಷಣ ಬೇರೆಡೆಗೆ ಹೋಯಿತು. ಕೊಕ್ಕೆಯ ಬ್ಲಾಕು ಹಗ್ಗ ಸುತ್ತುವ ಡ್ರಮ್ಮಿಗೆ ಬಡಿದು, ವೈರ್ ರೋಪ್ (ಉಕ್ಕಿನ ಎಳೆಗಳ ಹಗ್ಗ) ತುಂಡಾಗಿ, ಅಷ್ಟೂ ಕಬ್ಬಿಣ ನೆಲಕ್ಕೆ ಬಿತ್ತು. ಚಹಾದ ಹೊತ್ತಾದ್ದರಿಂದ ಕೆಳಗೆ ಯಾರೂ ಇರಲಿಲ್ಲ. ಹತ್ತು ನಿಮಿಷದ ಮುಂಚೆ ಅದೇ ಜಾಗದಲ್ಲಿ ಇಬ್ಬರು ಕುಳಿತು ಪಟ್ಟಿ ಕಟ್ಟುತ್ತಿದ್ದರು. ಅಂದಿನಿಂದ ನಾನು ಯಾವ ಕಾರ್ಖಾನೆಗೆ ಹೋದರೂ ಪ್ರಮಾಣಪತ್ರಕ್ಕಿಂತ ಮೊದಲು ಏಣಿ ಎಲ್ಲಿದೆ ಎಂದು ನೋಡುತ್ತೇನೆ.

ಇನ್ನು ಸಿದ್ಧತೆಯ ವಿಚಾರ. ಪರೀಕ್ಷೆಯ ದಿನ ಕ್ರೇನನ್ನು ಅರ್ಧ ದಿನವಾದರೂ ಉತ್ಪಾದನೆಯಿಂದ ಬಿಡಿಸಿ ಕೊಡಿ. ಪರೀಕ್ಷಕರು ಮೇಲೆ ಹತ್ತಲು ಭದ್ರವಾದ ಏಣಿಯನ್ನೂ ನಿಲ್ಲಲು ಹಲಗೆಯನ್ನೂ ಒದಗಿಸಿ, ಅವರು ಮೇಲಿರುವಾಗ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಅವರ ಕೈಗೇ ಕೊಡಿ. ಕ್ರೇನಿನ ಗಾಲಿಯ ಹಳಿಯ ಬಳಿ ಯಾರಾದರೂ ಕೆಲಸದಲ್ಲಿರುವಾಗ ಕ್ರೇನು ಅವರಿಗೆ 6 ಮೀಟರಿಗಿಂತ ಹತ್ತಿರ ಬಾರದಂತೆ ನೋಡಿಕೊಳ್ಳಬೇಕೆಂಬುದು ಕಾಯ್ದೆಯ ಮಾತೇ ಆಗಿದ್ದು, ಒಂದೇ ಹಳಿಯ ಮೇಲೆ ಎರಡು ಕ್ರೇನುಗಳಿರುವ ಶೆಡ್ಡುಗಳಲ್ಲಿ ಇದನ್ನು ಮರೆಯುವವರು ಹೆಚ್ಚು. ಹಿಂದಿನ ವರದಿಗಳು, ವೈರ್ ರೋಪ್ ಬದಲಿಸಿದ ದಿನಾಂಕ, ಹೊಸ ಹಗ್ಗದ ಜತೆಗೆ ಬಂದ ತಯಾರಕರ ಪತ್ರ, ಮಾಡಿದ ರಿಪೇರಿಗಳ ವಿವರ ಇವನ್ನೆಲ್ಲ ಮೇಜಿನ ಮೇಲಿಡಿ. ಹಗ್ಗವನ್ನು ಮೊದಲೇ ಒರೆಸಿ ಇಡಿಸಿ. ಹಳೆಯ ಗ್ರೀಸಿನ ಕೆಳಗೆ ತುಂಡಾದ ಎಳೆಗಳು ಕಾಣಿಸುವುದಿಲ್ಲ.

ಅವರು ಏನನ್ನು ನೋಡುತ್ತಾರೆ ಎಂಬುದು ನಿಮಗೂ ತಿಳಿದಿರಲಿ, ಏಕೆಂದರೆ ವರ್ಷದ ಉಳಿದ ದಿನಗಳಲ್ಲಿ ನೋಡಬೇಕಾದವರು ನೀವೇ. ಎಲ್ಲಕ್ಕಿಂತ ಮೊದಲು ವೈರ್ ರೋಪ್. ಅದರ ವ್ಯಾಸವನ್ನು ವರ್ನಿಯರಿನಿಂದ ಅಳೆಯಬೇಕು. ಅಂತಾರಾಷ್ಟ್ರೀಯ ಮಾನಕವಾದ ಐಎಸ್‌ಒ 4309ರ ಪ್ರಕಾರ ನಾರಿನ ತಿರುಳಿನ ಸಾಮಾನ್ಯ ಹಗ್ಗವು ತನ್ನ ಮೂಲ ವ್ಯಾಸದಲ್ಲಿ ಶೇಕಡಾ 10ರಷ್ಟು, ಉಕ್ಕಿನ ತಿರುಳಿನ ಹಗ್ಗವು ಶೇಕಡಾ 7.5ರಷ್ಟು ಉದ್ದಕ್ಕೂ ಸಣ್ಣದಾದರೆ ಅದನ್ನು ತೆಗೆದುಹಾಕಬೇಕು. ಹೊಸದಾಗಿದ್ದಾಗ 12 ಮಿಲಿಮೀಟರ್ ಇದ್ದ ನಾರಿನ ತಿರುಳಿನ ಹಗ್ಗ 10.8ಕ್ಕೆ ಇಳಿದರೆ ಅದರ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಎಳೆಗಳನ್ನು ಹೊಸೆದು ಮಾಡಿದ ಎರಡು ಹುರಿಗಳ ನಡುವಿನ ತಗ್ಗಿನಲ್ಲಿ ಎಳೆಗಳು ತುಂಡಾಗಿದ್ದರೆ ಅದು ಇನ್ನೂ ಕೆಟ್ಟ ಲಕ್ಷಣ: ಹುರಿ ಒಂದು ಸುತ್ತು ಪೂರೈಸುವಷ್ಟು ಉದ್ದದಲ್ಲಿ ಅಂಥವು ಎರಡು ಕಂಡರೂ ಹಗ್ಗ ಬದಲಿಸಬೇಕು, ಹೊರಗೆ ಎರಡು ಕಂಡಿವೆ ಎಂದರೆ ಒಳಗೆ ಹಲವು ಹೋಗಿರುತ್ತವೆ. ಇಡೀ ಹುರಿಯೊಂದು ತುಂಡಾಗಿದ್ದರೆ, ಹಗ್ಗ ಪಂಜರದಂತೆ ಉಬ್ಬಿದ್ದರೆ, ಗಂಟುಬಿದ್ದು ಮಡಿಸಿದಂತಾಗಿದ್ದರೆ ಅಳತೆಯ ಪ್ರಶ್ನೆಯೇ ಇಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಉಪ್ಪಿನ ಗಾಳಿಯೂ ಸೇರುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನಿರಂತರ ತೇವ, ಮಳೆಗಾಲ ಕಳೆದ ಮೇಲೆ ಸಮುದ್ರದ ಉಪ್ಪು; ನಾರಿನ ತಿರುಳು ಈ ತೇವವನ್ನು ಹೀರಿ ಹಿಡಿದುಕೊಳ್ಳುವುದರಿಂದ ಹಗ್ಗ ಒಳಗಿನಿಂದ ತುಕ್ಕುಹಿಡಿಯುತ್ತದೆ. ಹೊರಮೈ ಕಪ್ಪಗೆ ಹೊಳೆಯುತ್ತಿದ್ದರೂ ಹುರಿಗಳ ಸಂದಿಯಿಂದ ಕೆಂಪು ಪುಡಿ ಉದುರುತ್ತಿದ್ದರೆ ಒಳಗೆ ಏನಾಗುತ್ತಿದೆ ಎಂಬುದನ್ನು ಅದೇ ಹೇಳುತ್ತದೆ. ವರ್ಷಕ್ಕೊಮ್ಮೆ ಎಂದು ಕಾನೂನು ಹೇಳುವುದು ಗರಿಷ್ಠ ಅಂತರವನ್ನು. ಮಂಜೇಶ್ವರ, ಉಪ್ಪಳದಂಥ ಕಡಲ ಬದಿಯಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹಗ್ಗವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಆಮೇಲೆ ಕೊಕ್ಕೆ. ಭಾರ ಕೂರುವ ಜಾಗದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಸವೆದಿದ್ದರೆ ಅದನ್ನು ಬದಲಿಸಬೇಕು. ಬಾಯಿ ಅಗಲವಾಗಿದ್ದರೆ, ತುದಿ ಪಕ್ಕಕ್ಕೆ ತಿರುಚಿದ್ದರೆ ಅದು ಮಿತಿ ಮೀರಿದ ಭಾರವನ್ನು ಎಂದೋ ಹೊತ್ತಿದೆ ಎಂದರ್ಥ. ಬಾಯಿಯ ಅಗಲವನ್ನು ಕೊಕ್ಕೆ ಹೊಸದಾಗಿದ್ದಾಗಲೇ ಅಳೆದು ಬರೆದಿಟ್ಟುಕೊಳ್ಳದಿದ್ದರೆ ಅದು ಅಗಲವಾಗಿದೆಯೇ ಎಂದು ಹೇಳಲು ಆಧಾರವೇ ಇರುವುದಿಲ್ಲ. ಕೊಕ್ಕೆಯ ಬಾಯಿ ಮುಚ್ಚುವ ಲ್ಯಾಚು, ಡ್ರಮ್ಮಿನಲ್ಲಿ ಹಗ್ಗದ ತುದಿಯನ್ನು ಹಿಡಿದಿರುವ ಕ್ಲ್ಯಾಂಪು, ಕೊಕ್ಕೆ ನೆಲ ಮುಟ್ಟಿದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ ಎರಡು ಸುತ್ತು ಹಗ್ಗ ಉಳಿಯುತ್ತದೆಯೇ ಎಂಬುದು, ಬ್ರೇಕು, ಹಳಿಯ ತುದಿಯ ತಡೆಗಳು, ಪೆಂಡೆಂಟಿನ (ಕ್ರೇನು ನಡೆಸುವ ತೂಗುಗುಂಡಿಗಳ ಪೆಟ್ಟಿಗೆಯ) ತುರ್ತು ಗುಂಡಿ ಇವೆಲ್ಲ ವರದಿಯಲ್ಲಿ ಬರಬೇಕು. ಲಿಮಿಟ್ ಸ್ವಿಚ್ಚನ್ನು ಖಾಲಿ ಕೊಕ್ಕೆಯಿಂದ ನಿಮ್ಮೆದುರಿಗೇ ಓಡಿಸಿ ತೋರಿಸಲು ಹೇಳಿ.

ಭಾರದ ಪರೀಕ್ಷೆಯ ಬಗ್ಗೆ ಅನೇಕರಿಗೆ ಸಂದೇಹವಿದೆ. ಕ್ರೇನನ್ನು ಹೊಸದಾಗಿ ಬಳಕೆಗೆ ತರುವ ಮುನ್ನ ಭಾರ ಹೇರಿ ಪರೀಕ್ಷಿಸಿ, ಸುರಕ್ಷಿತ ಭಾರವನ್ನು ನಮೂದಿಸಿದ ಪ್ರಮಾಣಪತ್ರ ಪಡೆದಿರಲೇಬೇಕು. ಓವರ್‌ಹೆಡ್ ಕ್ರೇನಿಗೆ ಆ ಭಾರ ಸಾಮಾನ್ಯವಾಗಿ ಸುರಕ್ಷಿತ ಭಾರದ ಶೇಕಡಾ 125. ಅಂದರೆ ನಿಮ್ಮ 5 ಟನ್ನಿನ ಕ್ರೇನಿಗೆ 6.25 ಟನ್. ವಾರ್ಷಿಕ ಪರೀಕ್ಷೆಯಲ್ಲಿ ಇದನ್ನು ಮಾಡಬೇಕೇ ಎಂಬುದನ್ನು ಪರೀಕ್ಷಕರು ಯಂತ್ರದ ಸ್ಥಿತಿ ನೋಡಿ ನಿರ್ಧರಿಸುತ್ತಾರೆ. ಬ್ರೇಕು, ಗೇರು, ಗಿರ್ಡರುಗಳ ದೊಡ್ಡ ರಿಪೇರಿಯಾಗಿದ್ದರೆ ಮಾಡಿಸಲೇಬೇಕು. ತೂಕಕ್ಕೆ ಅಂದಾಜಿನ ದಿಮ್ಮಿಗಳನ್ನು ಕಟ್ಟಬೇಡಿ. ಒದ್ದೆ ಮರದ ತೂಕ ಒಣಮರದ ತೂಕವಲ್ಲ. ವೇಬ್ರಿಜ್ಜಿನಲ್ಲಿ ತೂಗಿಸಿ ಚೀಟಿ ಪಡೆದ ಕಬ್ಬಿಣವನ್ನೇ ತನ್ನಿ, ಚೀಟಿಯನ್ನು ವರದಿಯ ಜತೆಗೆ ಲಗತ್ತಿಸಿ.

ಪರೀಕ್ಷಕರು ದೋಷ ಬರೆದುಕೊಟ್ಟರೆ ಬೇಸರಿಸಬೇಡಿ. ಸರಿಪಡಿಸಿ ಮತ್ತೆ ಕರೆಯಿರಿ. ಒಂದೂ ದೋಷ ಬರೆಯದ ವರದಿಗಳು ವರ್ಷ ವರ್ಷವೂ ಬರುತ್ತಿದ್ದರೆ ಪರೀಕ್ಷಕರನ್ನು ಬದಲಿಸುವ ಬಗ್ಗೆ ಯೋಚಿಸಿ ಎನ್ನುವುದು ನನ್ನ ಸಲಹೆ.

ಪ್ರಶ್ನೆ: ನಾನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಮ್ಮಲ್ಲಿ ಎರಡು ಕಾಲಿನ ವೈರ್ ರೋಪ್ ಸ್ಲಿಂಗೊಂದರ ಕಣ್ಣು (ಕೊಕ್ಕೆಗೆ ಸಿಕ್ಕಿಸುವ ಕುಣಿಕೆ) ಹರಿದುಹೋದಾಗ, ಹರಿದ ಭಾಗ ಕತ್ತರಿಸಿ ಯು ಕ್ಲ್ಯಾಂಪ್ ಹಾಕಿ ಹೊಸ ಕಣ್ಣು ಮಾಡಿದೆವು. ಸ್ಲಿಂಗಿಗೆ ಪ್ರಮಾಣಪತ್ರ ಇನ್ನೂ ಏಳು ತಿಂಗಳಿದೆ, ಆದ್ದರಿಂದ ಬಳಸಬಹುದು ಎಂದು ಮೇಲ್ವಿಚಾರಕರು ಹೇಳುತ್ತಾರೆ. ನನಗೆ ಸಮಾಧಾನವಿಲ್ಲ.
— ಓದುಗರು, ಹೊಸೂರು

ಉತ್ತರ: ನಿಮಗೆ ಸಮಾಧಾನವಿಲ್ಲದಿರುವುದೇ ಸರಿ. ಪ್ರಮಾಣಪತ್ರ ಸಿಕ್ಕಿದ್ದು ಕತ್ತರಿಸುವ ಮುಂಚಿನ ಸ್ಲಿಂಗಿಗೆ. ಕತ್ತರಿಸಿ ಮತ್ತೆ ಕಟ್ಟಿದ ಮೇಲೆ ಅದು ಬೇರೆಯೇ ವಸ್ತು. ಉಳಿದ ಏಳು ತಿಂಗಳು ಅದಕ್ಕೆ ಅನ್ವಯಿಸುವುದಿಲ್ಲ. ಇಷ್ಟಕ್ಕೂ ಭಾರ ಎತ್ತುವ ಸ್ಲಿಂಗಿನ ಕಣ್ಣನ್ನು ಯು ಕ್ಲ್ಯಾಂಪಿನಿಂದ ಮಾಡಲೇಬಾರದು. ಪ್ರತಿ ಸಲ ಭಾರ ಏರಿದಾಗಲೂ ಹಗ್ಗ ಸಣ್ಣಗಾಗಿ ನಟ್ಟುಗಳು ಸಡಿಲಗೊಳ್ಳುತ್ತವೆ, ಯು ಬೋಲ್ಟಿನ ಕೆಳಗೆ ಎಳೆಗಳು ನಜ್ಜುಗುಜ್ಜಾಗುತ್ತವೆ. ಒಂದೆಡೆ ಕಟ್ಟಿ ನಿಲ್ಲಿಸುವ ಹಗ್ಗಗಳಿಗೆ ಇದನ್ನು ಬಳಸುವಾಗಲೂ ಕ್ಲ್ಯಾಂಪಿನ ತಳಗಟ್ಟು ಭಾರ ಹೊರುವ ಹಗ್ಗದ ಕಡೆಗಿರಬೇಕು, ಯು ಭಾಗ ಸತ್ತ ತುದಿಯ (ಮಡಿಸಿ ಬಿಟ್ಟ, ಭಾರ ಹೊರದ ತುದಿಯ) ಮೇಲೆ ಕೂರಬೇಕು. ನಾನು ನೋಡಿದ ಕಡೆಗಳಲ್ಲಿ ಅರ್ಧಕ್ಕರ್ಧ ತಿರುವುಮುರುವಾಗಿಯೇ ಇರುತ್ತವೆ. ಆ ಸ್ಲಿಂಗನ್ನು ತುಂಡು ತುಂಡಾಗಿ ಕತ್ತರಿಸಿ ಗುಜರಿಗೆ ಹಾಕಿ. ಕತ್ತರಿಸದೆ ಹೊರಗೆ ಇಟ್ಟರೆ ಯಾರದೋ ಅವಸರದ ದಿನ ಅದು ಮತ್ತೆ ಒಳಗೆ ಬರುತ್ತದೆ. ಚೈನ್ ಸ್ಲಿಂಗಿಗೂ ಇದೇ ಮಾತು: ಶಾಖ ಸಂಸ್ಕಾರ ಪಡೆದ ಗ್ರೇಡ್ 80 ಚೈನಿನ ಕೊಂಡಿಗೆ ಗ್ಯಾಸ್ ಹಿಡಿಯುವುದು, ವೆಲ್ಡ್ ಮಾಡುವುದು ಅದರ ಬಲವನ್ನೇ ತೆಗೆದುಹಾಕಿದಂತೆ.

ನಿಮ್ಮದು ಎರಡು ಕಾಲಿನ ಸ್ಲಿಂಗ್ ಆದ್ದರಿಂದ ಕೋನದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇದನ್ನು ಪ್ರಮಾಣಪತ್ರ ಕಾಯುವುದಿಲ್ಲ, ಕೊಕ್ಕೆ ಹಾಕುವವರೇ ಕಾಯಬೇಕು. 2 ಟನ್ನಿನ ಭಾರವನ್ನು ಎರಡು ಕಾಲುಗಳಲ್ಲಿ ಎತ್ತುವಾಗ ಕಾಲುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಕಾಲಿನ ಮೇಲೆ ಸುಮಾರು 1.15 ಟನ್ ಬೀಳುತ್ತದೆ. 90 ಡಿಗ್ರಿಯಾದರೆ 1.41 ಟನ್. 120 ಡಿಗ್ರಿಯಾದರೆ ಒಂದೊಂದು ಕಾಲಿನ ಮೇಲೂ ಪೂರ್ತಿ 2 ಟನ್. ಉದ್ದದ ಸ್ಲಿಂಗ್ ಸಿಗಲಿಲ್ಲವೆಂದು ಗಿಡ್ಡ ಸ್ಲಿಂಗನ್ನು ಅಗಲಿಸಿ ಎತ್ತುವಾಗ ನಡೆಯುವುದು ಇದೇ. ಪಾಲಿಯೆಸ್ಟರ್ ಪಟ್ಟಿಯ ಸ್ಲಿಂಗುಗಳಿಗೆ ಬಣ್ಣದ ಗುರುತಿದೆ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5. ಲೇಬಲ್ ಹರಿದುಹೋದ ಪಟ್ಟಿಯನ್ನು ಬಣ್ಣ ನೋಡಿ ಬಳಸುವುದಲ್ಲ, ಬದಿಗಿಡುವುದು ಕ್ರಮ. ನಿಮ್ಮ ರಾಜ್ಯದಲ್ಲಿ ಈ ವಿಚಾರ ತಮಿಳುನಾಡಿನ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯದ್ದು, ಪರೀಕ್ಷಕರ ಮಾನ್ಯತೆಯನ್ನೂ ಅಲ್ಲಿಯದೇ ನೋಡಬೇಕು.

ಪ್ರಶ್ನೆ: ಗ್ರಾನೈಟ್ ಕತ್ತರಿಸುವ ಘಟಕದಲ್ಲಿ ನಾನು ಹೆಲ್ಪರ್. ನಾವು ನಿಲ್ಲುವ ಜಾಗದ ಮೇಲಿನಿಂದಲೇ ಕ್ರೇನು ಕಲ್ಲು ಸಾಗಿಸುತ್ತದೆ. ಕ್ರೇನಿನ ಮೇಲೆ ಎಷ್ಟು ಟನ್ ಎಂದು ಬರೆದದ್ದು ಅಳಿಸಿಹೋಗಿದೆ. ಪ್ರಮಾಣಪತ್ರ ಇದೆಯೇ ಎಂದು ಕೇಳಿದರೆ ಅದು ಆಫೀಸಿನ ವಿಷಯ ಎನ್ನುತ್ತಾರೆ. ಕೇಳುವ ಹಕ್ಕು ನಮಗಿದೆಯೇ? ನಮ್ಮ ಹೆಸರು ಹಾಕಬೇಡಿ.
— ಓದುಗರು, ಬದಿಯಡ್ಕ ಪರಿಸರ

ಉತ್ತರ: ಇದೆ. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿಸಿದ 111-ಎ ಕಲಮಿನಂತೆ, ಕೆಲಸದ ಸ್ಥಳದಲ್ಲಿ ತನ್ನ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಪಡೆಯುವ ಹಕ್ಕು ಪ್ರತಿಯೊಬ್ಬ ಕಾರ್ಮಿಕನಿಗೂ ಇದೆ. ರಕ್ಷಣೆಯ ವ್ಯವಸ್ಥೆ ಸಾಲದೆಂದು ಕಂಡರೆ ನೇರವಾಗಿಯೋ ಪ್ರತಿನಿಧಿಯ ಮೂಲಕವೋ ಇನ್‌ಸ್ಪೆಕ್ಟರರಿಗೆ ಅರಿಕೆ ಮಾಡಿಕೊಳ್ಳುವ ಹಕ್ಕೂ ಇದೆ. ಸುರಕ್ಷಿತ ಭಾರವನ್ನು ಯಂತ್ರದ ಮೇಲೆ ಸ್ಪಷ್ಟವಾಗಿ ಬರೆದಿರಬೇಕೆಂಬುದು 29ನೆಯ ಕಲಮಿನ ಆಜ್ಞೆ. ಅದು ಆಫೀಸಿನ ವಿಷಯವಾಗಿದ್ದರೆ ಕ್ರೇನಿನ ಮೇಲೆ ಬರೆಯಿರಿ ಎಂದು ಕಾನೂನು ಏಕೆ ಹೇಳುತ್ತಿತ್ತು? ಕೆಳಗೆ ನಿಂತವರು ಓದಲೆಂದೇ ಅದನ್ನು ಬರೆಯುವುದು. ನಮ್ಮ ಕಡೆಯ ಘಟಕಗಳಲ್ಲಿ ಈಗ ಕನ್ನಡ, ತುಳು, ಮಲಯಾಳ ಆಡುವವರ ಜತೆಗೆ ಒಡಿಶಾ, ಬಂಗಾಳ, ಅಸ್ಸಾಮಿನವರೂ ಇದ್ದಾರೆ. ಅಂಕೆಯನ್ನು ದೊಡ್ಡದಾಗಿ, ನೆಲದಿಂದ ಕಾಣುವಂತೆ ಬರೆಸಿದರೆ ಯಾವ ಭಾಷೆಯವರಿಗಾದರೂ ಅರ್ಥವಾಗುತ್ತದೆ.

ಜಗಳದ ದನಿಯಲ್ಲಿ ಹೋಗಬೇಕಾಗಿಲ್ಲ. ನಾಲ್ಕೈದು ಮಂದಿ ಸೇರಿ, ಸುರಕ್ಷಿತ ಭಾರ ಅಳಿಸಿಹೋಗಿದೆ, ಬರೆಸಿಕೊಡಿ, ಕೊನೆಯ ಪರೀಕ್ಷೆಯ ದಿನಾಂಕವನ್ನು ನೋಟಿಸ್ ಬೋರ್ಡಿಗೆ ಹಾಕಿಸಿ ಎಂದು ಬರೆದುಕೊಟ್ಟು ಅದರ ಪ್ರತಿಯೊಂದನ್ನು ಇಟ್ಟುಕೊಳ್ಳಿ. ಕಲ್ಲಿನ ತೂಕ ಯಾರಿಗೂ ಕಣ್ಣಳತೆಯಲ್ಲಿ ಸಿಗುವುದಿಲ್ಲ ಎಂಬುದನ್ನೂ ತಿಳಿದಿರಿ: ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ, ಆದ್ದರಿಂದ 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಎತ್ತರದ ದಿಮ್ಮಿಕಲ್ಲೊಂದು 5 ಟನ್ನಿನ ಕ್ರೇನಿನ ಮಿತಿಯನ್ನು ಮೀರಿಯೇ ಇರುತ್ತದೆ. ಕಲ್ಲು ಮೇಲೆ ಸಾಗುವಾಗ ಅದರ ದಾರಿಯಿಂದ ಸರಿದು ನಿಲ್ಲಿ. ಕೆಲಸ ಎಷ್ಟೇ ಅವಸರದ್ದಾದರೂ ಸರಿಯಿರಿ. ಇನ್ನೂ ಒಂದು ಸಂಗತಿ: ಕ್ರೇನು, ಹಾಯಿಸ್ಟ್ ಅಥವಾ ಅದರ ಯಾವುದೇ ಭಾಗ ಕುಸಿದರೆ ಯಾರಿಗೂ ಗಾಯವಾಗದಿದ್ದರೂ ಅದನ್ನು ಅಪಾಯಕಾರಿ ಘಟನೆಯೆಂದು ಇಲಾಖೆಗೆ ತಿಳಿಸಬೇಕು. ಹಾಗೆ ಏನಾದರೂ ಈಗಾಗಲೇ ನಡೆದು ಮುಚ್ಚಿಹೋಗಿದ್ದರೆ ಕಾರ್ಖಾನೆ ಇನ್‌ಸ್ಪೆಕ್ಟರರಿಗೆ ಬರೆಯಿರಿ. ಬಂದ ದೂರನ್ನಾಗಲಿ ಕೊಟ್ಟವರ ಹೆಸರನ್ನಾಗಲಿ ಬಯಲುಮಾಡದಿರುವ ಹೊಣೆಯನ್ನು ಕಾಯ್ದೆ ಇನ್‌ಸ್ಪೆಕ್ಟರರ ಮೇಲೆ ಹಾಕಿದೆ.

ಪ್ರಶ್ನೆ: ಹೊಸ ಮೆಷಿನ್ ಇಳಿಸಲು ಬಾಡಿಗೆಗೆ ಹೈಡ್ರಾ ಕ್ರೇನ್ (ರಸ್ತೆಯಲ್ಲಿ ಓಡುವ, ತೋಳು ಚಾಚುವ ಕ್ರೇನು) ತರಿಸಿದ್ದೆವು. ಪತ್ರ ಕೇಳಿದಾಗ ಚಾಲಕ ಆರ್‌ಸಿ, ಫಿಟ್‌ನೆಸ್, ವಿಮೆ ತೋರಿಸಿದ. ಇಷ್ಟು ಸಾಕೇ?
— ಓದುಗರು, ಹೊಸಂಗಡಿ

ಉತ್ತರ: ಸಾಲದು. ಅವು ಮೂರೂ ಅದು ರಸ್ತೆಯಲ್ಲಿ ಓಡಲು ಯೋಗ್ಯ ಎನ್ನುವ ಪತ್ರಗಳು, ಭಾರ ಎತ್ತಲು ಯೋಗ್ಯ ಎನ್ನುವ ಪತ್ರವಲ್ಲ. ಹೆದ್ದಾರಿ 66ರ ಅಗಲೀಕರಣ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಇಂಥ ಕ್ರೇನುಗಳು ಸುಲಭವಾಗಿ ಬಾಡಿಗೆಗೆ ಸಿಗುತ್ತಿರುವುದರಿಂದ ಈ ಪ್ರಶ್ನೆ ಇನ್ನೂ ಅನೇಕರಿಗೆ ಬರಬೇಕಿತ್ತು. ಕಟ್ಟಡ ಕಾಮಗಾರಿಗಳ ಮಟ್ಟಿಗೆ 1998ರ ಕೇಂದ್ರ ನಿಯಮಗಳು ಎತ್ತುವ ಯಂತ್ರಗಳಿಗೆ ಹನ್ನೆರಡು ತಿಂಗಳಿಗೊಮ್ಮೆ ಸಮಗ್ರ ಪರೀಕ್ಷೆಯನ್ನೂ ಐದು ವರ್ಷಕ್ಕೊಮ್ಮೆ ಭಾರದ ಪರೀಕ್ಷೆಯನ್ನೂ ವಿಧಿಸಿವೆ. ನಿಮ್ಮ ಕಾಂಪೌಂಡಿನೊಳಗೆ ಬಂದು ಎತ್ತುವ ಬಾಡಿಗೆ ಕ್ರೇನಿನ ಪತ್ರ ನೋಡುವ ಹೊಣೆ ನಿಮ್ಮದೇ. ಅದರ ಜತೆಗೆ ಲೋಡ್ ಚಾರ್ಟನ್ನೂ ಕೇಳಿ: 12 ಟನ್ನಿನ ಕ್ರೇನು 12 ಟನ್ ಎತ್ತುವುದು ತೋಳು ಗಿಡ್ಡವಾಗಿದ್ದು ಭಾರ ತೀರ ಹತ್ತಿರವಿದ್ದಾಗ ಮಾತ್ರ, ತೋಳು ಚಾಚಿದಂತೆ ಆ ಸಾಮರ್ಥ್ಯ ವೇಗವಾಗಿ ಇಳಿಯುತ್ತದೆ.

ಪ್ರಶ್ನೆ: ಹೊಸ ಕಾರ್ಮಿಕ ಸಂಹಿತೆ ಬಂದಿದೆಯಲ್ಲ? ನಮ್ಮಲ್ಲಿ ಹದಿಮೂರು ಮಂದಿ ಮಾತ್ರ ಕೆಲಸ ಮಾಡುವುದರಿಂದ ನಾವು ಇನ್ನು ಕಾರ್ಖಾನೆಯೇ ಅಲ್ಲ, ಪರೀಕ್ಷೆ ಬೇಕಾಗಿಲ್ಲ ಎಂದು ಕೇಳಿದ್ದೇನೆ.
— ಓದುಗರು, ಪೆರ್ಲ

ಉತ್ತರ: 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿರುವುದು ನಿಜ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆಯೆನ್ನಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನು ಅದು 10ರಿಂದ 20ಕ್ಕೆ ಏರಿಸಿದೆ. ಆದರೆ ಹತ್ತು ಮಂದಿ ಇರುವ ಸಂಸ್ಥೆಗಳೂ ಆ ಸಂಹಿತೆಯ ವ್ಯಾಪ್ತಿಯಲ್ಲೇ ಇವೆ. ಅಪಾಯಗಳಿಲ್ಲದ ಕೆಲಸದ ಸ್ಥಳ ಒದಗಿಸುವ ಕರ್ತವ್ಯ ನಿಮ್ಮಿಂದ ಹೋಗಿಲ್ಲ. ಹೊಸ ವ್ಯವಸ್ಥೆ ಪೂರ್ತಿಯಾಗಿ ನೆಲೆಗೊಳ್ಳುವ ತನಕ ಹಳೆಯ ಕಾಯ್ದೆಗಳ ಸಂಬಂಧಪಟ್ಟ ಅಂಶಗಳು ಮತ್ತು ನಿಯಮಗಳು ಮುಂದುವರಿಯುತ್ತವೆ ಎಂದೂ ಕೇಂದ್ರ ಸರಕಾರ ಹೇಳಿದೆ. ನಿಮ್ಮ ಘಟಕ ಯಾವ ಪಟ್ಟಿಗೆ ಸೇರುತ್ತದೆ ಎಂಬುದನ್ನು ಇಲಾಖೆಗೆ ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಆ ಉತ್ತರ ಬರುವ ತನಕ ಪರೀಕ್ಷೆಯ ದಿನಾಂಕವನ್ನು ದಾಟಿಸಬೇಡಿ. ಅವಧಿ ಮುಗಿದಿದ್ದರೆ ಪರೀಕ್ಷಕರು ಬಂದು ನೋಡುವ ತನಕ ಕೊಕ್ಕೆಯನ್ನು ಮೇಲೆತ್ತಿ, ಸ್ವಿಚ್ ಆರಿಸಿ, ಪೆಂಡೆಂಟಿಗೆ ಚೀಟಿ ಕಟ್ಟಿಡಿ.